ಹದಿನೈದು ಪದ, ಹದಿನೈದು ಸಾವಿರ ಸಾಲು

ಉಜಿರೆ ಮಾಚಾರಿನ ಗೋಪಾಲ ನಾಯ್ಕರು 1990ರ ಡಿಸೆಂಬರಿನಲ್ಲಿ ತುಳು ಮಹಾಕಾವ್ಯವಾದ ಸಿರಿಯ ಕತೆಯನ್ನು ಮೊದಲಿಂದ ಕೊನೆತನಕ ಹಾಡಿದರು. ಎದುರಿಗೆ ಪುಸ್ತಕವಿಲ್ಲ, ಚೀಟಿಯಿಲ್ಲ. ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ, ಅವರ ಪತ್ನಿ ಅನ್ನೆಲಿ ಹೊಂಕೊ, ನಮ್ಮ ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರು ಅದನ್ನು ದಾಖಲಿಸಿಕೊಂಡರು. ಬರಹಕ್ಕಿಳಿಸಿ ಎಣಿಸಿದಾಗ 15,683 ಸಾಲು. 1998ರಲ್ಲಿ ಹೆಲ್ಸಿಂಕಿಯಿಂದ ಅಚ್ಚಾಗಿ ಬಂದಾಗ ಹೊರಗಿನ ವಿದ್ವಾಂಸರು ಬೆರಗಾದರು. ಇಷ್ಟೊಂದನ್ನು ಒಬ್ಬ ಮನುಷ್ಯ ತಲೆಯಲ್ಲಿ ಇಟ್ಟುಕೊಳ್ಳುವುದು ಹೇಗೆ ಎಂಬುದಕ್ಕೆ ಹೊಂಕೊ ಬೇರೆಯೇ ಒಂದು ಪುಸ್ತಕ ಬರೆದರು. ಗಾಯಕ ಸಾಲು ಸಾಲನ್ನೂ ಉರು ಹೊಡೆದಿರುವುದಿಲ್ಲ. ಕತೆಯ ನಡೆ, ಪಾತ್ರಗಳು, ಮತ್ತೆ ಮತ್ತೆ ಬರುವ ನುಡಿಕಟ್ಟುಗಳೆಲ್ಲ ಒಂದಕ್ಕೊಂದು ಹೆಣೆದುಕೊಂಡು ಅವನ ಮನಸ್ಸಿನಲ್ಲಿರುತ್ತವೆ, ಹೊತ್ತು ನೋಡಿ ಹಿಗ್ಗಿಸಬಲ್ಲ, ಕುಗ್ಗಿಸಬಲ್ಲ ಎಂದರು.

ನಮ್ಮ ಕಡೆಯ ಹಳಬರಿಗೆ ಇದರಲ್ಲಿ ಅಂಥ ಸೋಜಿಗವೇನೂ ಕಾಣಲಿಲ್ಲ. ಗದ್ದೆಯಲ್ಲಿ ನೇಜಿ ನೆಡುವಾಗ ಒಬ್ಬಳು ತುಳುವಿನ ಕತೆಹಾಡಾದ ಪಾಡ್ದನ ಎತ್ತಿದರೆ ಉಳಿದವರು ದನಿಗೂಡಿಸುತ್ತಿದ್ದರು. ಗದ್ದೆ ಮುಗಿದರೂ ಹಾಡು ಮುಗಿಯುತ್ತಿರಲಿಲ್ಲ. ಅಡಿಕೆ ತೂಗುವವರು ಕಿಲೋ, ದರ, ಕೊಟ್ಟ ಮುಂಗಡ ಎಲ್ಲವನ್ನೂ ಬಾಯಿಲೆಕ್ಕದಲ್ಲೇ ಕಳೆದು ಕೂಡಿಸಿ ಬಾಕಿ ಹೇಳುತ್ತಿದ್ದರು. ಮೂಡುಬಿದಿರೆ ಬಳಿಯ ಮಾರೂರಿನಲ್ಲಿ ನೆಲೆಸಿದ್ದ ಬಲಿಪ ನಾರಾಯಣ ಭಾಗವತರು (1938–2023) ಯಕ್ಷಗಾನದ ಪ್ರಸಂಗದ ಮೇಲೆ ಪ್ರಸಂಗವನ್ನು ಕಂಠಸ್ಥ ಮಾಡಿಕೊಂಡು ಬೆಳಗಿನ ತನಕ ಆಟ ನಡೆಸುತ್ತಿದ್ದರು. ಚೌಕಿಯ ಹೊರಗೆ ಚಾಪೆ ಹಾಸಿ ಕೂತ ಅಜ್ಜಂದಿರೂ ಏನು ಕಡಿಮೆಯಲ್ಲ. ಭಾಗವತರು ಒಂದು ಪದ ಬಿಟ್ಟರೆ ಅವರಿಗೆ ಗೊತ್ತಾಗುತ್ತಿತ್ತು.

ನಾಲಗೆಯ ಕಸರತ್ತು ಇನ್ನೊಂದು. ನನ್ನ ಅಜ್ಜಿ ಓದಿದ್ದು ಮೂರನೇ ಕ್ಲಾಸು. ಮನೆಯಲ್ಲಿ ತುಳು. ಪೇಟೆಯ ಜೀನಸಿನ ಅಂಗಡಿಯಲ್ಲಿ ಕೊಂಕಣಿ, ಅಡಿಕೆ ಕೊಳ್ಳಲು ಬರುವ ಬ್ಯಾರಿ ಸಾಹೇಬರ ಹತ್ತಿರ ಅವರ ಮಾತು, ಕೇರಳದಿಂದ ಬಂದು ರಬ್ಬರು ಹಾಕಿದ ನೆರೆಮನೆಯವರ ಜತೆ ಮಲಯಾಳ, ಪುರಾಣಕ್ಕೂ ಪೇಪರಿಗೂ ಕನ್ನಡ. ಬೆಳ್ತಂಗಡಿ ತಾಲೂಕಿನಲ್ಲಿ ಇದು ಯಾರ ಹೆಗ್ಗಳಿಕೆಯೂ ಆಗಿರಲಿಲ್ಲ. ಮಾತಾಡದಿದ್ದರೆ ವ್ಯಾಪಾರ ನಡೆಯುತ್ತಿರಲಿಲ್ಲ, ಅಷ್ಟೇ.

ಎಂಬತ್ತು ದಾಟಿದ ಮೇಲೆ ಅಜ್ಜಿ ಒಲೆಯ ಮೇಲಿಟ್ಟ ಹಾಲನ್ನು ಮರೆಯತೊಡಗಿದಳು. ವಯಸ್ಸಾಯಿತು, ಅರಳುಮರಳು ಎಂದು ನಾವೂ ಸುಮ್ಮನಿದ್ದೆವು. ಹೋಗಿಬಂದ ಮದುವೆಗೆ ಇನ್ನೂ ಹೊರಡಬೇಕೆಂದು ಪಟ್ಟೆ ಸೀರೆ ಉಟ್ಟು ಕೂತ ದಿನ ಮಂಗಳೂರಿಗೆ ಕರೆದುಕೊಂಡು ಹೋದೆವು. ಆಸ್ಪತ್ರೆಯಲ್ಲಿ ನರಮನೋವಿಜ್ಞಾನದ ಪರೀಕ್ಷೆ ಮಾಡುವ ಹುಡುಗಿ ಮೇಜಿನ ಎದುರು ಕೂರಿಸಿಕೊಂಡು, “ಅಜ್ಜಿ, ಇವತ್ತು ಎಷ್ಟನೇ ತಾರೀಕು?” ಎಂದು ಕೇಳಿದಳು.

“ಸೋಣ ಹುಟ್ಟಿ ನಾಲ್ಕು ದಿವಸ ಆಯಿತಲ್ಲ.”

ತುಳು ತಿಂಗಳ ಲೆಕ್ಕ ಸರಿಯಿತ್ತು. ಹುಡುಗಿ ನಮ್ಮ ಕಡೆಯವಳೇ ಇರಬೇಕು, ನಕ್ಕು ಬರೆದುಕೊಂಡಳು. ಆಮೇಲೆ, ಒಂದು ನಿಮಿಷದಲ್ಲಿ ಎಷ್ಟಾಗುತ್ತದೋ ಅಷ್ಟು ಪ್ರಾಣಿಗಳ ಹೆಸರು ಹೇಳಬೇಕು ಎಂದಳು. ಅಜ್ಜಿ ಸೀದಾ ಹಟ್ಟಿಗೆ ಹೋದಳು: “ಕಾವೇರಿ, ಗೌರಿ, ಬೊಳ್ಳಿ…”

“ಅದು ದನಗಳ ಹೆಸರಲ್ವಾ ಅಜ್ಜಿ? ಬೇರೆ ಬೇರೆ ಪ್ರಾಣಿ ಹೇಳಿ.”

“ಬೇರೆ ಬೇರೆಯೇ ಮಗಾ. ಒಂದರ ಹಾಗೆ ಒಂದಿಲ್ಲ.”

ಇಲ್ಲಿಯವರೆಗೆ ನಾವೂ ನಕ್ಕೆವು. ನಂತರ ಹುಡುಗಿ 15 ಪದಗಳ ಪಟ್ಟಿಯೊಂದನ್ನು ನಿಧಾನಕ್ಕೆ ಓದಿ, ನೆನಪಿದ್ದಷ್ಟು ಹೇಳಿ ಎಂದಳು. ಅದೇ ಪಟ್ಟಿಯನ್ನು ಐದು ಸಲ ಓದುತ್ತಾರೆ. ವಯಸ್ಸಾದರೂ ಆರೋಗ್ಯವಾಗಿರುವವರಿಗೆ ಪ್ರತಿ ಸಲವೂ ಒಂದೆರಡು ಪದ ಹೆಚ್ಚು ದಕ್ಕುತ್ತಾ ಹೋಗುತ್ತದೆ. ಅಜ್ಜಿಗೆ ಮೊದಲ ಸಲ ಮೂರು, ಐದನೇ ಸಲವೂ ಮೂರು. ಅರ್ಧ ಗಂಟೆ ಬಿಟ್ಟು ಆ ಪದಗಳನ್ನು ಮತ್ತೆ ಕೇಳಿದಾಗ ಅಜ್ಜಿ, “ಯಾವ ಪದ ಮಗಾ?” ಎಂದಳು.

ಅಲ್ಜೈಮರ್ ಕಾಯಿಲೆ ಸಾಮಾನ್ಯವಾಗಿ ಮೊದಲು ಕೈಹಾಕುವುದು ಹಿಪೊಕ್ಯಾಂಪಸ್ ಮತ್ತು ಅದರ ಆಸುಪಾಸಿಗೆ. ಹೊಸ ನೆನಪು ನೆಲೆಯೂರುವುದಕ್ಕೆ ಬೇಕಾದ ಜಾಗ ಅದು. ಹಳೆಯ ನೆನಪುಗಳು ಮೆದುಳಿನಲ್ಲಿ ವಿಶಾಲವಾಗಿ ಹರಡಿಕೊಂಡಿರುವುದರಿಂದ ಹೆಚ್ಚು ಕಾಲ ಬಾಳುತ್ತವೆ. ಅಜ್ಜಿಯ ದನಗಳು ಸತ್ತು ಎಷ್ಟೋ ವರ್ಷವಾಗಿದ್ದರೂ ಹಟ್ಟಿಯಲ್ಲಿ ಕಟ್ಟಿಯೇ ಇದ್ದವು. ಬೆಳಗ್ಗೆ ತಿಂದ ತಿಂಡಿ ಮಾತ್ರ ಇರಲಿಲ್ಲ.

ಶಾಲೆಯ ಮೆಟ್ಟಿಲು ಹತ್ತದವರ ಮರೆವನ್ನು ಅಳೆಯುವುದು ಸುಲಭವಲ್ಲ. ಪಶ್ಚಿಮದಿಂದ ಬಂದ ಪರೀಕ್ಷೆಗಳು ಓದು, ಬರೆ, ನೂರರಿಂದ ಏಳು ಕಳೆ ಎನ್ನುತ್ತವೆ. ಅಕ್ಷರ ಬಾರದವರು ಅಲ್ಲೇ ಫೇಲು, ಮೆದುಳು ನೆಟ್ಟಗಿದ್ದರೂ. 1990ರ ದಶಕದಲ್ಲಿ ಹರಿಯಾಣದ ಬಲ್ಲಭಗಡದ ಹಳ್ಳಿಗಳಿಗಾಗಿ ಈ ಪ್ರಶ್ನೆಗಳನ್ನು ತಿದ್ದಿದರು; ‘ಒಂದು ವಾಕ್ಯ ಬರೆಯಿರಿ’ ಎಂಬುದು ‘ನಿಮ್ಮ ಮನೆಯ ಬಗ್ಗೆ ಏನಾದರೂ ಹೇಳಿ’ ಎಂದಾಯಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶೋಭಿನಿ ರಾವ್ ಮತ್ತು ಸಂಗಡಿಗರು 2004ರಲ್ಲಿ ಹೊರತಂದ ಪರೀಕ್ಷಾಮಾಲೆ ನಮ್ಮ ಜನರ ವಯಸ್ಸು, ಓದಿಗೆ ತಕ್ಕ ಅಳತೆಗೋಲು ಕೊಟ್ಟಿತು. ಈಚೆಗೆ ಐಸಿಎಂಆರ್ ಸಿದ್ಧಪಡಿಸಿದ ಪರೀಕ್ಷೆಗಳು ಕನ್ನಡದಲ್ಲೂ ಇವೆ. ದೇಶದಲ್ಲಿ 60 ದಾಟಿದವರ ಪೈಕಿ ಶೇ. 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಷಿಯಾ ಇದೆಯೆಂಬ ಅಂದಾಜು 2023ರಲ್ಲಿ ಪ್ರಕಟವಾಯಿತು. ಅಳೆಯುವ ಕೆಲಸ ಎಲ್ಲಿಯೂ ಬೇಗ ಮುಗಿಯುವಂತಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು ಅಧ್ಯಯನ. ಈಗ ನಿಮ್ಹಾನ್ಸ್‌ನಲ್ಲಿರುವ ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಅವರು ಹಿಂದೆ ಹೈದರಾಬಾದಿನ ನಿಮ್ಸ್ ಆಸ್ಪತ್ರೆಯಲ್ಲಿದ್ದಾಗ 648 ಡಿಮೆನ್ಷಿಯಾ ರೋಗಿಗಳ ವಿವರ ಕಲೆಹಾಕಿದರು. ಒಂದೇ ಭಾಷೆ ಆಡುವವರಿಗಿಂತ ಎರಡು ಭಾಷೆ ಆಡುವವರಲ್ಲಿ ಕಾಯಿಲೆಯ ಲಕ್ಷಣ ಕಾಣಿಸಿದ್ದು ಸುಮಾರು ನಾಲ್ಕೂವರೆ ವರ್ಷ ತಡವಾಗಿ. ಅದು 2013ರಲ್ಲಿ ಪ್ರಕಟವಾಯಿತು. ಇದು ಓದಿದವರಿಗಷ್ಟೇ ಸಿಕ್ಕುವ ಲಾಭವಲ್ಲ, ಅನಕ್ಷರಸ್ಥರಲ್ಲೂ ಈ ಅಂತರ ಕಂಡಿತು. ಭಾಷೆ ಕಾಯಿಲೆಯನ್ನು ತಡೆಯುತ್ತದೆ ಎಂದು ಈ ಅಧ್ಯಯನ ಹೇಳಿಲ್ಲ. ದಿನಕ್ಕೆ ಹತ್ತು ಸಲ ಮಾತು ಬದಲಿಸುವ ಮೆದುಳು, ಆಟಿ ತಿಂಗಳ ಮಳೆಗೆಂದು ಬೇಸಿಗೆಯಲ್ಲೇ ಭರಣಿಯಲ್ಲಿ ಉಪ್ಪಿಗೆ ಹಾಕಿದ ಹಲಸಿನ ಸೊಳೆಯಂತೆ, ಕಷ್ಟಕಾಲಕ್ಕೆ ಏನನ್ನೋ ಕೂಡಿಟ್ಟಿರುತ್ತದೆ ಎಂಬುದು ತಜ್ಞರ ವಿವರಣೆ.

ಅಜ್ಜಿ ಕೂಡಿಟ್ಟಿದ್ದೂ ಕರಗತೊಡಗಿತು. ಮೊದಲು ಮಲಯಾಳ ಹೋಯಿತು, ಆಮೇಲೆ ಅಂಗಡಿಯ ಕೊಂಕಣಿ. ಕೊನೆಕೊನೆಗೆ ಕನ್ನಡವೂ ಬಿಟ್ಟುಹೋಗಿ ತೌರುಮನೆಯ ತುಳು ಮಾತ್ರ ಉಳಿಯಿತು. ಈ ಕಾಯಿಲೆಯಲ್ಲಿ ಅನೇಕರು ಹೀಗೆ ಮೊದಲು ಕಲಿತ ಮಾತಿಗೇ ಮರಳುತ್ತಾರೆ. ಬೆಂಗಳೂರಿನಲ್ಲಿ ಬೆಳೆದ ನನ್ನ ಮಗಳು ರಜೆಯಲ್ಲಿ ಹೋಗಿ ಹತ್ತಿರ ಕೂತಾಗ ಅವಳ ಗಲ್ಲ ಹಿಡಿದು, “ಈ ಏರೆನ ಬಾಲೆ?” ಎಂದಳು. ಮಗಳು ನನ್ನ ಮುಖ ನೋಡಿದಳು, “ಏನಂತೆ ಅಪ್ಪ?” ನೀನು ಯಾರ ಮಗು ಅಂತ ಕೇಳುತ್ತಿದ್ದಾಳೆ ಎಂದೆ. ಮಗಳು ಕನ್ನಡದಲ್ಲಿ ಹೇಳಿದ್ದನ್ನು ನಾನು ತುಳುವಿಗೆ ತಿರುಗಿಸುವಷ್ಟರಲ್ಲಿ ಅಜ್ಜಿ ಪ್ರಶ್ನೆಯನ್ನೇ ಮರೆತಿದ್ದಳು. ನನ್ನ ಅಮ್ಮನಾಗಿದ್ದರೆ ಥಟ್ಟನೆ ಉತ್ತರ ಕೊಟ್ಟು, ಮತ್ತೆ ಕೇಳಿದಾಗ ಮತ್ತೆ ಕೊಟ್ಟು, ಹಾಗೇ ಒಂದು ಮಧ್ಯಾಹ್ನ ಕಳೆಯುತ್ತಿದ್ದಳು.

ಈ ಹಾಡು, ಲೆಕ್ಕ, ಮಾತು ಎಲ್ಲ ಯಾವಾಗ ಕೈಬಿಟ್ಟವು ಎಂದು ಒಂದು ದಿನವನ್ನು ಬೆರಳಿಟ್ಟು ತೋರಿಸಲಾಗದು. ಗದ್ದೆಗಳಿಗೆ ಮಣ್ಣು ಬಿದ್ದು ಅಡಿಕೆ ಎದ್ದಿತು; ನೇಜಿ ಇಲ್ಲದ ಮೇಲೆ ಪಾಡ್ದನ ಎತ್ತುವುದೆಲ್ಲಿ? ಆಟಗಳು ಕಾಲಮಿತಿಗೆ ಬಂದವು. ಬಾಯಿಲೆಕ್ಕ ಫೋನಿಗೆ ಹೋಯಿತು. ಕಾಲೇಜುಗಳ ದೆಸೆಯಿಂದ ಉಜಿರೆಗೆ ನಾನಾ ಊರಿನ ಮಕ್ಕಳು ಬಂದು ತುಂಬಿದರು, ನಮ್ಮ ಮನೆಗಳ ಮಕ್ಕಳು ಬೆಂಗಳೂರಿಗೆ, ದುಬೈಗೆ ಹೊರಟರು. ಹಿಂದಿನದೆಲ್ಲ ಚಿನ್ನವೆಂದೂ ಹೇಳಲಾರೆ. ಮರೆವಿನವರನ್ನು ಮರುಳೆಂದು ಒಳಕೋಣೆಗೆ ಹಾಕಿದ್ದು, ಸೋಂಕೆಂದು ನೂಲು ಕಟ್ಟಿಸಿದ್ದು, ಅವರನ್ನು ನೋಡಿಕೊಳ್ಳುತ್ತಲೇ ಸೊಸೆಯಂದಿರು ಸೊರಗಿದ್ದು ಎಲ್ಲವೂ ಆ ತುಂಬಿದ ಮನೆಗಳಲ್ಲೇ.

ಅಲ್ಲಾಡಿಯವರ ಅಧ್ಯಯನದಲ್ಲಿ ಇನ್ನೊಂದು ಮಾತೂ ಇದೆ: ಎರಡಕ್ಕಿಂತ ಹೆಚ್ಚು ಭಾಷೆ ಬಂದರೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಅಂದರೆ ನನ್ನ ಮಗಳ ಮೆದುಳಿಗೆ ಕನ್ನಡ, ಇಂಗ್ಲಿಷು ಧಾರಾಳ ಸಾಕು. ಆರೋಗ್ಯದ ನೆಪ ಹೇಳಿ ಅವಳಿಗೆ ತುಳು ಕಲಿಸಲು ನನಗೆ ದಾರಿಯಿಲ್ಲ. ಕಲಿಸಬೇಕಾದ ಕಾರಣ ಬೇರೆ. ನಾಳೆ ನನಗೂ ಆ 15 ಪದಗಳು ದಕ್ಕದೆ, ಕಲಿತ ಮಾತೆಲ್ಲ ಒಂದೊಂದಾಗಿ ಕಳಚಿಕೊಂಡರೆ, ಕೊನೆಗೆ ಉಳಿಯುವುದು ತುಳುವೇ. ಅದರಲ್ಲಿ ನಾನು ಏನನ್ನಾದರೂ ಕೇಳಿದಾಗ, ಮರೆಯುವ ಮೊದಲೇ ಉತ್ತರ ಕೊಡುವವರು ಮನೆಯಲ್ಲಿ ಒಬ್ಬರಾದರೂ ಬೇಕು.