ಕಿರುತೆರೆಯೂ ನಮ್ಮ ನಡತೆಯೂ

ಮುಂಬಯಿಗೆ ದೂರದರ್ಶನ ಬಂದುದು 1972ರ ಅಕ್ಟೋಬರ್ 2ರಂದು. ಆಗ ಅದು ಕೆಲವೇ ಮನೆಗಳ ವೈಭವವಾಗಿತ್ತು. ಇಂದು ಚಾಳಿನ ಹತ್ತಡಿಯ ಕೋಣೆಯಲ್ಲಿಯೂ ಅದಕ್ಕೊಂದು ಗೋಡೆ ಮೀಸಲು. ಅದು ಸಾಲದೆಂದು ಕಿಸೆಯ ಮೊಬೈಲಿನಲ್ಲಿಯೂ ಅದೇ ಆಟ. ಹದಿಹರೆಯದವರು ಅದರಿಂದ ಏನನ್ನು ಕಲಿಯುತ್ತಿರುವರೆಂಬುದನ್ನು ವಿಚಾರಿಸುವುದು ನಮ್ಮ ಕರ್ತವ್ಯವಾಗಿದೆ.

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುತ್ತೇವೆ. ಕಳೆದ ವರುಷ ಒಂಬತ್ತನೆಯ ತರಗತಿಗೆ ವಿಜಯಪುರದ ಕಡೆಯಿಂದ ಹುಡುಗನೊಬ್ಬನು ಬಂದು ಸೇರಿದನು. ಒಂದು ದಿನ ಊಟದ ಬಿಡುವಿನಲ್ಲಿ ಹುಡುಗರು ಚೀಟಿಗಳನ್ನು ಮಡಚಿ ಕಂಪಾಸು ಪೆಟ್ಟಿಗೆಯೊಳಗೆ ಹಾಕುತ್ತಿದ್ದರು. ಕೆಲವರನ್ನು ಒಂದೇ ಮನೆಯಲ್ಲಿರಿಸಿ ವಾರವಾರವೂ ಒಬ್ಬರನ್ನು ಹೊರಗೆ ಕಳುಹಿಸುವ ಆಟವು ಕಿರುತೆರೆಯಲ್ಲಿ ಬರುವುದಷ್ಟೆ. ಇದು ಅದರ ಅನುಕರಣ. ಚೀಟಿಗಳನ್ನು ಎಣಿಸಿದವನು ನಿರೂಪಕನ ಧಾಟಿಯಲ್ಲಿಯೇ ಹೊರಹೋಗುವವನ ಹೆಸರನ್ನು ಸಾರಿದನು. ಬಾಗಿಲಲ್ಲಿ ನಿಂತಿದ್ದ ನಾವು ನಕ್ಕೆವು. ಧಾಟಿ ಅಷ್ಟು ಸೊಗಸಾಗಿತ್ತು!

ಹೊಸ ಹುಡುಗನು ಮೆಟ್ಟಲ ಕೆಳಗೆ ಒಬ್ಬನೇ ಕುಳಿತು ರೊಟ್ಟಿ ತಿನ್ನುವುದನ್ನು ನಾವು ಕಂಡುದು ನಾಲ್ಕು ದಿನಗಳ ಮೇಲೆ. “ಯಾಕೋ ತಮ್ಮಾ, ಒಬ್ಬನ ಕುಂತೀಯಲ್ಲ?” ಎಂದು ಕೇಳಿದೆವು. “ನನ್ನ ಹೊರಗ ಹಾಕ್ಯಾರ್ರೀ ಸರ” ಎಂದನು. ಉಳಿದವರು ಆಟವನ್ನು ಅಂದೇ ಮರೆತಿದ್ದರು. ಅವನಿಗೆ ಮಾತ್ರ ಆಟ ಮುಗಿದಿರಲಿಲ್ಲ.

ಅನುಕರಣವು ಎಳೆಯರ ಸಹಜಗುಣ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಆಲ್ಬರ್ಟ್ ಬಂಡೂರ ಅವರು 1961ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಪ್ರಸಿದ್ಧವಾಗಿದೆ. ಹಿರಿಯರೊಬ್ಬರು ಗಾಳಿ ತುಂಬಿದ ಗೊಂಬೆಯನ್ನು ಹೊಡೆಯುವುದನ್ನು ಚಿಕ್ಕ ಮಕ್ಕಳಿಗೆ ತೋರಿಸಲಾಯಿತು. ಅನಂತರ ಅಂಥದೇ ಗೊಂಬೆ ದೊರೆತಾಗ ಮಕ್ಕಳಲ್ಲಿ ಹಲವರು ಹಾಗೆಯೇ ಹೊಡೆದರು. ಕೇಳಿದ ಮಾತುಗಳನ್ನೂ ಆಡಿದರು. 1963ರಲ್ಲಿ ಚಲನಚಿತ್ರದ ಮೂಲಕ ತೋರಿಸಿದಾಗಲೂ ಹೀಗೆಯೇ ಆಯಿತು. 1965ರ ಪ್ರಯೋಗದಲ್ಲಿ, ಹೊಡೆದವನಿಗೆ ಶಿಕ್ಷೆಯಾದುದನ್ನು ನೋಡಿದ ಮಕ್ಕಳು ಅವನನ್ನು ಅಷ್ಟಾಗಿ ಅನುಕರಿಸಲಿಲ್ಲ.

ಅವರು ಶಿಶುವಿಹಾರದ ಮಕ್ಕಳು, ನೀವು ಬಲ್ಲವರು, ನಿಜ. ಆದರೂ ಯಾವ ನಡತೆಗೆ ಮೆಚ್ಚುಗೆ ದೊರೆಯುವುದೋ ಅದು ಮೇಲ್ಪಂಕ್ತಿಯಾಗುವುದು ಎಲ್ಲ ವಯಸ್ಸಿನಲ್ಲಿಯೂ ಉಂಟು. ತೆರೆಯ ಮೇಲೆ ಚುಚ್ಚಿ ಮಾತನಾಡಿದವನಿಗೆ ಎಷ್ಟೋ ವೇಳೆ ಚಪ್ಪಾಳೆ ಬೀಳುತ್ತದೆ. ಅಂದು ಬಾಗಿಲಲ್ಲಿ ನಿಂತ ನಮ್ಮ ನಗುವು ಆ ಚಪ್ಪಾಳೆಯ ಕೆಲಸವನ್ನೇ ಮಾಡಿತು.

ಹಾಗೆಂದು ಕಿರುತೆರೆಯನ್ನು ನೋಡಲೇಬೇಡಿರೆಂದು ನಾವು ಹೇಳೆವು. 1984ರಲ್ಲಿ ದೂರದರ್ಶನದಲ್ಲಿ ‘ಹಮ್ ಲೋಗ್’ ಎಂಬ ಹಿಂದೀ ಧಾರಾವಾಹಿ ಆರಂಭವಾಯಿತು. ಕಂತಿನ ಕೊನೆಗೆ ಹಿರಿಯ ನಟರಾದ ಅಶೋಕ್ ಕುಮಾರ್ ಅವರು ಬಂದು, ನಡೆದ ಕಥೆಯನ್ನು ಕುರಿತು ನೋಡುಗರೊಡನೆ ನಾಲ್ಕು ಮಾತನಾಡುತ್ತಿದ್ದರು. ನೋಡಿದುದನ್ನು ಕುರಿತು ಮಾತನಾಡುವವರೊಬ್ಬರು ಮನೆಯಲ್ಲಿಯೂ ಶಾಲೆಯಲ್ಲಿಯೂ ಬೇಕು. ಆ ಕೆಲಸದಲ್ಲಿ ನಾವು ನಾಲ್ಕು ದಿನ ತಡಮಾಡಿದೆವು.

ಮರುದಿನ ಪಾಠವನ್ನು ಬದಿಗಿಟ್ಟು, ನಕ್ಕುದು ನಮ್ಮ ತಪ್ಪೆಂದು ತರಗತಿಯ ಮುಂದೆ ಒಪ್ಪಿಕೊಂಡೆವು. ನಾವು ಈ ನಗರಕ್ಕೆ ಬಂದ ಹೊಸತರಲ್ಲಿ ನಮ್ಮ ಹರಕುಮುರುಕು ಹಿಂದಿಯನ್ನು ಕೇಳಿ ರೈಲಿನಲ್ಲಿ ಜನ ನಕ್ಕುದನ್ನೂ, ಆ ರಾತ್ರಿ ಊಟ ಸೇರದೆ ಹೋದುದನ್ನೂ ಹೇಳಿದೆವು. ಯಾರೂ ಮಾತನಾಡಲಿಲ್ಲ. ಚೀಟಿ ಎಣಿಸಿದವನು ತಲೆಯೆತ್ತಲಿಲ್ಲ. ಅಂದು ಬಿಡುವಿನಲ್ಲಿ ಮೆಟ್ಟಲ ಕೆಳಗೆ ಎರಡು ಡಬ್ಬಿಗಳು ತೆರೆದಿದ್ದವು. ಮೂರನೆಯದು ಬರಲು ಒಂದು ವಾರ ಹಿಡಿಯಿತು.

ಪ್ರಿಯ ವಿದ್ಯಾರ್ಥಿಗಳೇ, ನಾವೆಲ್ಲರೂ ಊರು ಬಿಟ್ಟು ಬಂದವರು, ಇಲ್ಲವೆ ಬಂದವರ ಮಕ್ಕಳು. ಯಾರೋ ಒಬ್ಬರು ಸರಿದು ಕುಳಿತು ಎಡೆಮಾಡಿಕೊಟ್ಟುದರಿಂದಲೇ ನಮಗೆ ಇಲ್ಲಿ ಬಾಳು ದೊರೆತಿದೆ. ತೆರೆಯ ಆಟವನ್ನು ನೋಡಿ ನಗಿರಿ. ಆದರೆ ಹೊರಗೆ ಹಾಕುವ ಆಟವನ್ನು ಮಾತ್ರ ನಮ್ಮ ಶಾಲೆಯೊಳಗೆ ತಾರದಿರಿ.