12 ವೋಲ್ಟಿನ ತೊಟ್ಟಿಲು

ಗಣಪತಿ ಹಬ್ಬ ಇನ್ನೂ ಎರಡು ತಿಂಗಳು ಇರುವಾಗಲೇ ರೋಣದ ನಮ್ಮ ಕಾಕಾನ ಗ್ಯಾರೇಜಿನಲ್ಲಿ ಹಳೆಯ ವೈಪರ್ ಮೋಟಾರುಗಳು ಬಂದು ಬೀಳತೊಡಗುತ್ತವೆ. ಹೆಚ್ಚಿನವು ಗಜೇಂದ್ರಗಡದ ಗುಜರಿ ಅಂಗಡಿಗಳಿಂದ ಬಂದವು, ಮುರಿದ ವ್ಯಾನು, ಕಾರು, ಟೆಂಪೋಗಳಿಂದ ಬಿಚ್ಚಿದವು. ಗಾಡಿ ಸತ್ತರೂ ವೈಪರ್ ಮೋಟಾರ್ ಸಾಯುವುದಿಲ್ಲ ಎನ್ನುತ್ತಾನೆ ಕಾಕಾ. ನಮ್ಮ ಎರಿ ನೆಲದ ಸೀಮೆಯಲ್ಲಿ ಅದು ಸಾಯುವಷ್ಟು ಮಳೆಯಾದರೂ ಎಲ್ಲಿ ಬರುತ್ತದೆ!

ಈ ಮೋಟಾರುಗಳಿಗೆ ಸಿಗುವ ಎರಡನೆಯ ಜನ್ಮ ಗಣಪತಿ ಪೆಂಡಾಲಿನ ಚಲಿಸುವ ರೂಪಕಗಳಲ್ಲಿ. 1893ರಲ್ಲಿ ಟಿಳಕರು ಪುಣೆಯಲ್ಲಿ ಸಾರ್ವಜನಿಕ ಗಣೇಶೋತ್ಸವಕ್ಕೆ ಚಾಲನೆ ಕೊಟ್ಟಾಗ ನಮ್ಮ ಭಾಗವೂ ಮುಂಬೈ ಪ್ರಾಂತದಲ್ಲೇ ಇತ್ತು. ಹೀಗಾಗಿ ಮಂಡಳಿ, ಪಟ್ಟಿ ಎತ್ತುವುದು, ಓಣಿ ಓಣಿಗಳ ಪೈಪೋಟಿ ನಮಗೆ ಹೊಸವಲ್ಲ. ಭೀಮ ಗದೆ ಎತ್ತುತ್ತಾನೆ, ಆನೆ ಸೊಂಡಿಲು ಆಡಿಸುತ್ತದೆ, ಹನುಮಂತ ಎದೆ ಬಗೆದು ತೋರಿಸುತ್ತಾನೆ. ಅಮೆರಿಕದಲ್ಲಿ ಅಕ್ಟೋಬರ್ 31ರ ಹ್ಯಾಲೊವೀನ್ ಹಬ್ಬಕ್ಕೆ ಜನ ಇಂಥವೇ ಮೋಟಾರು ಕಟ್ಟಿ ಮನೆಯಂಗಳದಲ್ಲಿ ದೆವ್ವಗಳನ್ನು ಎಬ್ಬಿಸುತ್ತಾರೆ. ಅಲ್ಲಿ ದೆವ್ವ, ಇಲ್ಲಿ ದೇವರು. ಒಳಗಿನ ಗಿಯರ್ ಒಂದೇ.

ಆ ಗಿಯರ್ ಸರಳವಾದದ್ದು. ಮೋಟಾರಿನ ದಂಡಕ್ಕೆ ಸ್ಕ್ರೂವಿನಂಥ ಹಲ್ಲು. ಅದು ಒಂದು ದೊಡ್ಡ ಚಕ್ರವನ್ನು ನಿಧಾನವಾಗಿ ತಿರುಗಿಸುತ್ತದೆ. ವೇಗ ಇಳಿದಂತೆ ಬಲ ಏರುತ್ತದೆ. ಹೊರಗಿನ ತೋಳು ನಿಮಿಷಕ್ಕೆ 40-50 ಸುತ್ತು ಒಂದೇ ದಿಕ್ಕಿಗೆ ತಿರುಗುತ್ತದೆ; ಅದಕ್ಕೊಂದು ರಾಡ್ ಜೋಡಿಸಿದರೆ ಸುತ್ತುವುದು ಹೋಗಿ-ಬರುವುದಾಗುತ್ತದೆ. ತಂತಿ ಗುರುತಿಸುವುದೇ ಕೆಲಸ. ಬ್ಯಾಟರಿಯ ಮೈನಸ್ಸನ್ನು ಮೋಟಾರಿನ ಮೈಗೆ ಹಿಡಿದು ಪ್ಲಸ್ಸನ್ನು ಒಂದೊಂದೇ ತಂತಿಗೆ ಮುಟ್ಟಿಸುತ್ತಾನೆ ಕಾಕಾ. ಒಂದಕ್ಕೆ ನಿಧಾನ ತಿರುಗುತ್ತದೆ, ಒಂದಕ್ಕೆ ಜೋರಾಗಿ. ಉಳಿದವು ಪಾರ್ಕಿಂಗ್ ತಂತಿಗಳು, ಅಂದರೆ ಸ್ವಿಚ್ ಆರಿಸಿದ ಮೇಲೂ ವೈಪರನ್ನು ಅದರ ಜಾಗಕ್ಕೆ ತಂದು ಮಲಗಿಸುವಂಥವು. ಪೆಂಡಾಲಿನಲ್ಲಿ ಅವು ಬೇಡ. ಟೇಪು ಸುತ್ತಿ ಬಿಡುತ್ತಾನೆ. ಮನೆಯ 230 ವೋಲ್ಟನ್ನು ಇದಕ್ಕೆ ನೇರವಾಗಿ ಕೊಡುವಂತಿಲ್ಲ. ನಡುವೆ ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡುಗಳ ರೆಕ್ಟಿಫೈಯರ್, ಫ್ಯೂಸ್ ಇರಲೇಬೇಕು. ರಾಡ್ ಎಲ್ಲಾದರೂ ಸಿಕ್ಕಿಕೊಂಡರೆ ಮೋಟಾರು ಕರೆಂಟನ್ನು ಕುಡಿದು ಸುಟ್ಟುಹೋಗುತ್ತದೆ.

ನಾನು ಧಾರವಾಡದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ, ವಿಷಯ ನರಗುಂದ ಬಂಡಾಯದ ಲಾವಣಿಗಳು. ಕಳೆದ ವರ್ಷ ಓಣಿಯ ಮಂಡಳಿಯ ಹುಡುಗರು ಅದನ್ನೇ ಹಿಡಿದು ಬಂದರು. "ಅಕ್ಕಾರ, ಈ ಸಲ ನರಗುಂದದ ಬಾಬಾಸಾಹೇಬನ ಸೀನ್ ಮಾಡೂಣು. ಕತ್ತಿ ಎತ್ತಿ ಮ್ಯಾನ್ಸನ್ ಸಾಹೇಬನ ಕುತ್ತಿಗಿಗೆ ಹೊಡೀಬೇಕು."

1858ರ ಮೇ 29ರಂದು ಸುರೇಬಾನದಲ್ಲಿ ತಂಗಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಕೊಲೆಯಾದ. ಅವನ ರುಂಡವನ್ನು ನರಗುಂದದ ಬಾಗಿಲಿಗೆ ತೂಗುಹಾಕಿದರು. ಕೆಲವೇ ದಿನಗಳಲ್ಲಿ ಕೋಟೆ ಬಿತ್ತು. ಜೂನ್ 12ರಂದು ಬಾಬಾಸಾಹೇಬ ಭಾಸ್ಕರರಾವ್ ಭಾವೆಯನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಹುಡುಗರಿಗೆ ಇದರಲ್ಲಿ ಬೇಕಿದ್ದದ್ದು ಮೊದಲ ಸಾಲು ಮಾತ್ರ.

ಕಾಕಾ ಮೋಟಾರು ಒರೆಸುತ್ತಲೇ ಹೇಳಿದ: "ಹೊಡೆಯೂದು ಸುಲಭ ಐತಿ. ಆದರ ಇದು ಒಮ್ಮಿ ಹೊಡದು ಸುಮ್ನ ಕುಂದ್ರಂಗಿಲ್ಲ. ನಿಮಿಷಕ್ಕ ನಲವತ್ತು ಸಲ ಹೊಡಿತೈತಿ. ಒಬ್ಬನ್ನ ಎಷ್ಟು ಸಲ ಕೊಲ್ಲೂದು? ಸಣ್ಣ ಹುಡುಗೂರು ನಗ್ತಾವು." ಆಮೇಲೆ ನನ್ನ ಕಡೆ ತಿರುಗಿದ. "ನೀ ಓದಿದಾಕಿ. ಈ ಕತಿಯೊಳಗ ಮತ್ತ ಮತ್ತ ಆಗೂದು ಯಾವ್ದೈತಿ, ಹೇಳು ನೋಡೂಣು."

ನನ್ನ ಸಿನಾಪ್ಸಿಸ್ ಮಂಡನೆಯಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಕೊಲೆ ಒಮ್ಮೆ ಆಯಿತು. ಗಲ್ಲೂ ಒಮ್ಮೆ. ಆದರೆ ಇವೆಲ್ಲಕ್ಕೂ ಮುಂಚೆ ಒಂದು ಕಾಯುವಿಕೆ ಇತ್ತು. ಬಾಬಾಸಾಹೇಬನಿಗೆ ಸಂಸ್ಥಾನಕ್ಕೆ ವಾರಸುದಾರನಾಗುವ ಮಗನಿರಲಿಲ್ಲ. ದತ್ತು ತೆಗೆದುಕೊಳ್ಳಲು ಅನುಮತಿ ಕೇಳಿದ. ಕಂಪನಿ ಸರ್ಕಾರ ಕೊಡಲಿಲ್ಲ. ವಾರಸುದಾರನಿಲ್ಲದ ಸಂಸ್ಥಾನ ಕಂಪನಿಯ ಪಾಲಾಗುತ್ತಿದ್ದ ಕಾಲವದು. ಕತ್ತಿ ಒರೆಯಿಂದ ಹೊರಬರುವ ಮೊದಲು ಆ ವಾಡೆಯಲ್ಲಿ ದಿನವೂ ಇದ್ದದ್ದು ಖಾಲಿ ಜಾಗ.

"ತೊಟ್ಟಿಲಾ," ಅಂದೆ. "ಖಾಲಿ ತೊಟ್ಟಿಲಾ ತೂಗ್ತಿರಲಿ."

ಹುಡುಗರ ಮುಖ ಇಳಿಯಿತು. "ತೊಟ್ಟಿಲಾ ನೋಡಾಕ ಯಾರ ಬರ್ತಾರ್ರೀ ಅಕ್ಕಾರ? ಆ ಕಡೆ ಓಣ್ಯಾಗ ಭೀಮ ಗದಾ ತಿರಗಸ್ತಾನ." ಅವರ ಆತಂಕ ಸುಳ್ಳಲ್ಲ. ಮನೆ ಮನೆಗೆ ಹೋಗಿ ಪಟ್ಟಿ ಎತ್ತಿದವರು ಅವರು. ಪೆಂಡಾಲು ಖಾಲಿ ಹೊಡೆದರೆ ಮಾತು ಕೇಳಬೇಕಾದವರೂ ಅವರೇ. ಕಡೆಗೆ ಒಪ್ಪಂದವಾಯಿತು: ಹಿಂದೆ ಕತ್ತಿ ಹಿಡಿದ ಬಾಬಾಸಾಹೇಬ ಅಲುಗಾಡದೆ ನಿಲ್ಲುವುದು, ಮುಂದೆ ತೊಟ್ಟಿಲು.

ತೊಟ್ಟಿಲು ಗದೆಗಿಂತ ಕಷ್ಟ ಎಂದು ಆಗ ತಿಳಿಯಿತು. ರಾಡನ್ನು ನೇರವಾಗಿ ಜೋಡಿಸಿದರೆ ಅದು ತೂಗಲಿಲ್ಲ, ಜಗ್ಗಾಡಿತು. ತೂಗುವ ವಸ್ತುವಿಗೆ ತನ್ನದೇ ಲಯವಿರುತ್ತದೆ. ಆ ಲಯವನ್ನು ನಿರ್ಧರಿಸುವುದು ಹಗ್ಗದ ಉದ್ದ. ಒಂದು ಮೀಟರ್ ಹಗ್ಗಕ್ಕೆ ಹೋಗಿಬರಲು ಎರಡು ಸೆಕೆಂಡು, ಅಂದರೆ ನಿಮಿಷಕ್ಕೆ ಮೂವತ್ತು ತೂಗು. ಮೋಟಾರು ಅದಕ್ಕಿಂತ ವೇಗದ್ದು. ಕಾಕಾ ಟ್ರಾನ್ಸ್‌ಫಾರ್ಮರಿನ ನಡುವಿನ ತಂತಿಯಿಂದ 12ರ ಬದಲು 6 ವೋಲ್ಟ್ ತೆಗೆದ. ನಿಧಾನದ ತಂತಿಗೆ ಕೊಟ್ಟರೆ ತೀರಾ ನಿಧಾನವಾಯಿತು. ಜೋರಿನ ತಂತಿಗೆ ಕೊಟ್ಟಾಗ ಮೂವತ್ತರ ಹತ್ತಿರ ಬಂತು. ಉಳಿದದ್ದನ್ನು ಹಗ್ಗವನ್ನು ಬೆರಳಷ್ಟು ಏರಿಸಿ, ಇಳಿಸಿ ಹೊಂದಿಸಿದ. ಆಮೇಲೆ ರಾಡ್ ತೆಗೆದು, ಮೋಟಾರಿನ ತೋಳಿಗೂ ತೊಟ್ಟಿಲಿಗೂ ನಡುವೆ ಸಡಿಲವಾದ ದಾರ ಕಟ್ಟಿದ. ಪ್ರತಿ ಸುತ್ತಿಗೆ ಒಂದು ಸಣ್ಣ ಎಳೆತ, ಅಷ್ಟೇ. "ಅವ್ವ ಏನ್ ತೊಟ್ಟಿಲಾ ಹಿಡಕೊಂಡು ಹೋಗಿ ಬರ್ತಾಳೇನು? ಬಟ್ಟು ಹಚ್ತಾಳಷ್ಟ," ಅಂದ.

ಮೊದಲ ಸಂಜೆ ಜನ ಬಂದರು, ನೋಡಿದರು, ಅರ್ಧಕ್ಕರ್ಧ ಮಂದಿ ಭೀಮನ ಕಡೆ ಹೋದರು. ಮಕ್ಕಳು ಮಾತ್ರ ಕಟಕಟೆಗೆ ಜೋತುಬಿದ್ದು ಒಂದೇ ಪ್ರಶ್ನೆ ಕೇಳುತ್ತಿದ್ದವು: "ಕೂಸು ಎಲ್ಲೈತಿ?" ಬಗ್ಗಿ ಬಗ್ಗಿ ತೊಟ್ಟಿಲೊಳಗೆ ಹುಡುಕುತ್ತಿದ್ದವು. ಯಾರಾದರೂ ಉತ್ತರ ಹೇಳಲೇಬೇಕಾಯಿತು. ಕತ್ತಿಯೇ ಬೇಕೆಂದು ಹಟ ಹಿಡಿದಿದ್ದ ಹುಡುಗನೇ ಎರಡನೆಯ ದಿನ ಮೈಕ್ ಹಿಡಿದ. ಕೂಸಿಲ್ಲ, ಅದಕ್ಕೇ ಜಗಳ ಎಂದು ಶುರುಮಾಡಿ ದತ್ತಕ, ಕಂಪನಿ, ಸುರೇಬಾನ, ಬೆಳಗಾವಿ ಎಂದು ಮುಗಿಸುತ್ತಿದ್ದ. ಐದನೆಯ ದಿನಕ್ಕೆ ಅವನ ಕತೆ ಅರ್ಧ ಗಂಟೆಗೆ ಬೆಳೆದಿತ್ತು. ಲಾವಣಿ ಹುಟ್ಟುವುದು ಹೇಗೆ ಎಂದು ನಾಲ್ಕು ವರ್ಷ ಓದಿದ್ದೆ. ಕೇಳಿದ್ದು ಅದೇ ಮೊದಲು.

ನನ್ನ ಪ್ರಬಂಧದ ಮೂರನೆಯ ಅಧ್ಯಾಯ ಈಗ ದತ್ತಕದ ನಿರಾಕರಣೆಯಿಂದ ಆರಂಭವಾಗುತ್ತದೆ. ಹುಡುಗರಂತೂ ಈ ವರ್ಷಕ್ಕೆ 1980ರ ಜುಲೈ 21ರ ನರಗುಂದದ ರೈತ ಬಂಡಾಯ ಬೇಕೆಂದಿದ್ದಾರೆ: ಮಲಪ್ರಭೆಯ ನೀರು ಹೊಲಕ್ಕೆ ಸರಿಯಾಗಿ ಬಾರದಿದ್ದರೂ ಕರ ಕಟ್ಟಿರೆಂದದ್ದು, ರೈತರು ತಿರುಗಿಬಿದ್ದದ್ದು, ಗೋಲಿಬಾರು. ಗುಂಡು ಹಾರಿಸುವ ಪೊಲೀಸನನ್ನು ಮಾಡೋಣ ಎಂದು ಈ ಸಲ ಯಾರೂ ಹೇಳಲಿಲ್ಲ. ಗ್ಯಾರೇಜಿನಲ್ಲಿ ಕುಳಿತು ತಾವೇ ಚರ್ಚಿಸುತ್ತಿದ್ದಾರೆ: ಇದರಾಗ ಮತ್ತ ಮತ್ತ ಆಗೂದು ಯಾವ್ದು?