ಎರಡು ಹಸು, ಆರು ಕುರಿ, ಒಂದು ಹಂದಿ

ಪತ್ರಿಕೋದ್ಯಮ ಓದುತ್ತಿದ್ದಾಗ ನಾವು ನಾಲ್ಕೈದು ಜನ ಬೆಂಗಳೂರಿನ ಕೆ.ಆರ್. ಮಾರ್ಕೆಟ್ ಹತ್ತಿರದ ಕೋಟೆ ನೋಡಲು ಹೋಗಿದ್ದೆವು. 1791ರ ಮಾರ್ಚ್ 21ರಂದು ಬ್ರಿಟಿಷರು ಗೋಡೆ ಒಡೆದು ನುಗ್ಗಿದ್ದು ಇಲ್ಲೇ ಎಂದು ಅಲ್ಲೊಂದು ಫಲಕ ಇದೆ. ಟಿಪ್ಪುವಿನ ಮೇಲೆ ಆ ದಂಡು ತಂದವನು ಕಾರ್ನ್‌ವಾಲಿಸ್. ಯಾರಿವನು ಎಂದು ಹುಡುಕಿದರೆ ನಮಗೆ ಆಶ್ಚರ್ಯ ಕಾದಿತ್ತು. ಅದಕ್ಕೂ ಹತ್ತು ವರ್ಷ ಮೊದಲು, 1781ರ ಅಕ್ಟೋಬರ್‌ನಲ್ಲಿ, ಇವನು ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಸೋತು ಶರಣಾಗಿದ್ದ. ಮೈಗೆ ಹುಷಾರಿಲ್ಲ ಅಂತ ಹೇಳಿ, ಶರಣಾಗತಿಗೂ ಕೈಕೆಳಗಿನ ಅಧಿಕಾರಿಯನ್ನು ಕಳಿಸಿದ್ದ.

ಸೋತವನು ಭಾರತಕ್ಕೆ ಗವರ್ನರ್ ಜನರಲ್ ಆಗಿ ಬಂದ. ಹಾಗಾದರೆ ಗೆದ್ದವರ ಗತಿ ಏನಾಯಿತು? ಅದನ್ನು ಹುಡುಕುವಾಗ ನಮಗೆ ಸಿಕ್ಕವನು ಜೋಸೆಫ್ ಪ್ಲಂಬ್ ಮಾರ್ಟಿನ್.

ಕನೆಕ್ಟಿಕಟ್‌ನಲ್ಲಿ ಅಜ್ಜ ಅಜ್ಜಿಯ ಹತ್ತಿರ ಬೆಳೆದ ಹುಡುಗ. 1776ರಲ್ಲಿ ಸೇನೆ ಸೇರಿದಾಗ ಅವನಿಗೆ 15 ವರ್ಷ. ಬ್ರಿಟಿಷರ ಗುಂಡಿಗಿಂತ ಹೆಚ್ಚು ಕಾಡಿದ್ದು ಹಸಿವು, ಚಳಿ. ಎಷ್ಟೋ ಸೈನಿಕರ ಕಾಲಲ್ಲಿ ಬೂಟಿರಲಿಲ್ಲ. 1777ರ ಕೊನೆಯಲ್ಲಿ, ದೇವರಿಗೆ ಕೃತಜ್ಞತೆ ಹೇಳುವ ಹಬ್ಬದ ದಿನ, ಸರ್ಕಾರ ಅವನಿಗೆ ಕೊಟ್ಟ ಹಬ್ಬದೂಟ ಒಂದು ಹಿಡಿಯಷ್ಟು ಅಕ್ಕಿ, ಒಂದು ಚಮಚ ವಿನೆಗರ್. ಆ ಚಳಿಗಾಲದಲ್ಲಿ ವ್ಯಾಲಿ ಫೋರ್ಜ್ ಬಿಡಾರದ ಸೇನೆಯಲ್ಲಿ ಸುಮಾರು 2,000 ಜನ ಸತ್ತರು. ಹೆಚ್ಚಿನವರು ಸತ್ತಿದ್ದು ರೋಗದಿಂದ.

ಯಾರ್ಕ್‌ಟೌನ್‌ನಲ್ಲಿ ಕಾರ್ನ್‌ವಾಲಿಸ್‌ನ ಸುತ್ತ ಕಂದಕ ತೋಡಿದವರಲ್ಲಿ ಮಾರ್ಟಿನ್ ಕೂಡ ಒಬ್ಬ.

1783ರಲ್ಲಿ ಅವನನ್ನು ಮನೆಗೆ ಕಳಿಸುವಾಗ ಸಂಬಳದ ಬಾಕಿಗೆ ಕೈಗೆ ಬಂದಿದ್ದು ಹಣವಲ್ಲ, ಮುಂದೆ ಕೊಡುತ್ತೇವೆ ಎಂಬ ಚೀಟಿ. ಮೈಮೇಲೆ ಒಂದು ಒಳ್ಳೆ ಬಟ್ಟೆಗಾಗಿ ಅದರಲ್ಲಿ ಕೆಲವನ್ನು ಮಾರಿಕೊಂಡ. ಇಂಥ ಚೀಟಿಗಳನ್ನು ಕಡಿಮೆ ಬೆಲೆಗೆ ಕೊಂಡು ಲಾಭ ಮಾಡಿಕೊಂಡವರು ದುಡ್ಡಿದ್ದವರು. ಸೈನಿಕರಿಗೆ ತಲಾ 100 ಎಕರೆ ಜಮೀನು ಎಂದು ಮಾತು ಕೊಡಲಾಗಿತ್ತು. ಅದೂ ಅವನ ಕೈಗೆ ಬರಲಿಲ್ಲ. ಮೇನ್ ಎಂಬಲ್ಲಿಗೆ ಹೋಗಿ ಉಳುಮೆ ಶುರುಮಾಡಿದ. ಅಲ್ಲಿ ಈ ಜಮೀನು ನನ್ನದು ಎಂದು ಬಂದವನು ಹೆನ್ರಿ ನಾಕ್ಸ್, ಅದೇ ಸೇನೆಯ ಫಿರಂಗಿ ದಳದ ಜನರಲ್! ವರ್ಷಗಳು ಕಳೆದಂತೆ ಜಮೀನು ಮಾರ್ಟಿನ್‌ನ ಕೈಬಿಟ್ಟಿತು.

1818ರಲ್ಲಿ ಬಡ ಮಾಜಿ ಸೈನಿಕರಿಗೆ ಪಿಂಚಣಿ ಬಂತು. ಆದರೆ ತಾನು ಬಡವ ಎಂದು ಪ್ರಮಾಣ ಮಾಡಿ ಹೇಳಬೇಕಿತ್ತು. ಮಾರ್ಟಿನ್ ಬರೆಸಿದ ಆಸ್ತಿ ಇಷ್ಟೇ: ಎರಡು ಹಸು, ಆರು ಕುರಿ, ಒಂದು ಹಂದಿ. ಪಿಂಚಣಿ ತಿಂಗಳಿಗೆ 8 ಡಾಲರ್.

ಇದನ್ನು ಓದಿದಾಗ ನಾವು ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಮ್ಮ ಮನೆಗಳಲ್ಲೂ ಆಸ್ತಿ ಲೆಕ್ಕ ಹಾಕುವುದು ಹೀಗೇ ಅಲ್ಲವೇ, ಕೊಟ್ಟಿಗೆಯಿಂದ?

ಆದರೂ ಮಾರ್ಟಿನ್ ಒಂದು ಕೆಲಸ ಮಾಡಿದ. 1830ರಲ್ಲಿ, ಎಪ್ಪತ್ತರ ಹತ್ತಿರ, ತಾನು ಕಂಡಿದ್ದನ್ನೆಲ್ಲ ಬರೆದು ಪುಸ್ತಕ ಮಾಡಿದ. ತನ್ನ ಹೆಸರನ್ನೂ ಹಾಕಿಕೊಳ್ಳಲಿಲ್ಲ. ಆ ಯುದ್ಧದ ಸಾಮಾನ್ಯ ಸೈನಿಕ ಹೇಗೆ ಬದುಕಿದ ಎಂದು ತಿಳಿಯಲು ಇತಿಹಾಸಕಾರರು ಇವತ್ತಿಗೂ ಆ ಪುಸ್ತಕ ತೆರೆಯುತ್ತಾರೆ. ಅವನು ಬರೆಯದಿದ್ದರೆ ಆ ಒಂದು ಹಿಡಿ ಅಕ್ಕಿಯ ವಿಷಯ ನಮಗೆ ಗೊತ್ತಾಗುತ್ತಿರಲಿಲ್ಲ.

ಕೋಟೆಗೆ ಫಲಕ ಹಾಕುವವರು ಇದ್ದೇ ಇರುತ್ತಾರೆ. ಕಂದಕ ತೋಡಿದವರ ಮಾತು ಬರೆದಿಡುವವರು ಕಡಿಮೆ. ನಿಮ್ಮ ಊರಲ್ಲೂ ಮಿಲಿಟರಿಯಿಂದ ಬಂದ ಅಜ್ಜನೋ ಮಾವನೋ ಇದ್ದರೆ, ಸಂಜೆ ಜಗಲಿ ಮೇಲೆ ಕೂತು ಕೇಳಿ. ಯುದ್ಧದ ಕಥೆ ಆಮೇಲೆ ಕೇಳಿದರಾಯಿತು. ಅಲ್ಲಿ ಊಟಕ್ಕೆ ಏನಿತ್ತು ಅಂತ ಮೊದಲು ಕೇಳಿ. ಕೇಳಿದ್ದನ್ನು ಬರೆದಿಡಿ.